ಬಿಸಿಲ ಸೀಮೆಯ ವೈನ್‌ನಲ್ಲಿ ತಂಪನ್ನು ಹುಡುಕುವುದು

2019ರ ಜೂನ್ 28ರಂದು ದಕ್ಷಿಣ ಫ್ರಾನ್ಸಿನ ವೆರಾರ್ಗ್ ಎಂಬ ಪುಟ್ಟ ಊರಿನಲ್ಲಿ ಪಾದರಸ 46 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ಫ್ರಾನ್ಸಿನ ನೆಲದಲ್ಲಿ ದಾಖಲಾದ ಅತಿ ಹೆಚ್ಚಿನ ತಾಪಮಾನ ಅದು. ನಮ್ಮ ರಾಯಚೂರು, ಕಲಬುರಗಿಯವರೂ ಒಮ್ಮೆ ಹುಬ್ಬೇರಿಸುವಂಥ ಬಿಸಿಲು. ಸುತ್ತಲಿನ ಎಷ್ಟೋ ತೋಟಗಳಲ್ಲಿ ದ್ರಾಕ್ಷಿ ಎಲೆಗಳು ಬೆಂಕಿ ತಾಗಿದಂತೆ ಕಂದಿ ಮುದುರಿದವು. ಇನ್ನೂ ಹಸಿರಾಗಿದ್ದ ಕಾಯಿಗಳು ಗೊಂಚಲಿನಲ್ಲೇ ಸುಕ್ಕಾದವು.

ಆದರೂ ಇದೇ ಸೀಮೆಯ ಒಳ್ಳೆಯ ಕೆಂಪು ವೈನ್ ಕುಡಿದು ಬಲ್ಲವರು ಮೊದಲು ಮೆಚ್ಚಿಕೊಳ್ಳುವುದು ಅದರ ತಾಜಾತನವನ್ನು. ಬಣ್ಣ, ಬಲ, ಸಿಹಿಯ ಮಾತು ಆಮೇಲೆ. ಇದು ವಿಚಿತ್ರವೇನಲ್ಲ. ದಕ್ಷಿಣ ಫ್ರಾನ್ಸಿನಲ್ಲಿ ಬಿಸಿಲಿಗೆ ಎಂದೂ ಬರವಿಲ್ಲ. ದ್ರಾಕ್ಷಿಯನ್ನು ಹಣ್ಣಾಗಿಸುವುದು ಅಲ್ಲಿ ಯಾರ ಕೈಯಲ್ಲೂ ಆದೀತು. ಆ ಬಿಸಿಲಿನ ನಡುವೆ ಹಣ್ಣಿನ ಹುಳಿಯನ್ನೂ ಘಮವನ್ನೂ ಉಳಿಸಿಕೊಳ್ಳುವುದೇ ಕಷ್ಟ. ಬೋರ್ಡೊ, ಬರ್ಗಂಡಿಗಳಲ್ಲಿ ಒಂದು ಕಾಲದಲ್ಲಿ ರೈತ ಬಿಸಿಲಿಗಾಗಿ ಹಂಬಲಿಸುತ್ತಿದ್ದ. ದಕ್ಷಿಣದ ರೈತ ಸದಾ ತಂಪಿಗಾಗಿ ಹಂಬಲಿಸುತ್ತಾನೆ. ಹಾಗಾಗಿ ಲಾಂಗ್‌ಡಾಕ್, ರೂಸಿಯೋಂ, ಪ್ರೊವಾನ್ಸ್, ದಕ್ಷಿಣ ರೋನ್ ಕಣಿವೆಯ ಕೆಂಪು ವೈನ್ ಮುಂದೆ ಕುಳಿತಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದಕ್ಕೆ ತಂಪು ಎಲ್ಲಿಂದ ಬಂತು?

ಬಯಲಿನ ಪಾಠ

ಈ ಪ್ರಶ್ನೆಯನ್ನು ಬಹುಕಾಲ ಯಾರೂ ಕೇಳಲಿಲ್ಲ. ರೋಮನ್ನರ ಕಾಲದಿಂದಲೂ ಇಲ್ಲಿ ಬಳ್ಳಿ ಇತ್ತು, ವೈನ್ ಇತ್ತು. ಆದರೆ 19ನೇ ಶತಮಾನದ ನಡುಭಾಗದಲ್ಲಿ ರೈಲು ಬಂದದ್ದೇ ತಡ, ಲಾಂಗ್‌ಡಾಕ್ ಪ್ರದೇಶ ಉತ್ತರದ ಗಣಿಗಳ, ಕಾರ್ಖಾನೆಗಳ ಕೂಲಿಗಳಿಗೆ ಅಗ್ಗದ ವೈನ್ ಒದಗಿಸುವ ಪೀಪಾಯಿಯಾಯಿತು. ಬೆಟ್ಟದ ಇಳಿಜಾರು ಬಿಟ್ಟು ಬಳ್ಳಿ ಬಯಲಿಗಿಳಿಯಿತು. ಬಯಲಿನಲ್ಲಿ ಮಣ್ಣು ಆಳ, ನೀರು ಧಾರಾಳ. ಒಂದು ಬಳ್ಳಿ ಹತ್ತು ಬಳ್ಳಿಯ ಫಸಲು ಕೊಡುತ್ತಿತ್ತು. ರಸ ಮಾತ್ರ ನೀರುನೀರು.

ನಡುವೆ ಬಂದದ್ದು ಫಿಲೊಕ್ಸೆರಾ. ಅಮೆರಿಕದಿಂದ ಬಳ್ಳಿಗಳ ಜೊತೆ ಹಡಗೇರಿ ಬಂದ ಈ ಸಣ್ಣ ಹೇನು 1863ರ ಸುಮಾರಿಗೆ ದಕ್ಷಿಣ ರೋನ್ ತೀರದ ತೋಟಗಳಲ್ಲಿ ಕಾಣಿಸಿಕೊಂಡಿತು. ಬೇರಿನಿಂದ ರಸ ಹೀರಿ ಬಳ್ಳಿಯನ್ನು ಒಣಗಿಸಿತು. 1868ರಲ್ಲಿ ಮೋಂಪೆಲಿಯೇ ನಗರದ ಸಸ್ಯವಿಜ್ಞಾನಿ ಝೂಲ್ ಎಮಿಲ್ ಪ್ಲಾಂಶೋ ಮತ್ತು ಸಂಗಡಿಗರು ಒಣಗುತ್ತಿದ್ದ ಬಳ್ಳಿಗಳ ಬೇರು ಅಗೆಸಿ, ಭೂತಗನ್ನಡಿ ಹಿಡಿದು ನೋಡಿ, ಹಳದಿ ಹೇನುಗಳ ಸಾಲನ್ನು ಕಂಡರು. ಆ ಹೇನನ್ನು ತಾಳಿಕೊಳ್ಳಬಲ್ಲ ಅಮೆರಿಕದ ಬೇರಿನ ಮೇಲೆ ಫ್ರಾನ್ಸಿನ ಬಳ್ಳಿಯನ್ನು ಕಸಿ ಕಟ್ಟುವುದೇ ಕೊನೆಗೆ ಸಿಕ್ಕ ಮದ್ದು. ಇಂದಿಗೂ ಯುರೋಪಿನ ಬಹುಪಾಲು ಬಳ್ಳಿಗಳು ನಿಂತಿರುವುದು ಅಮೆರಿಕದ ಬೇರಿನ ಮೇಲೆ.

ಕಸಿಯಾದ ಬಳ್ಳಿಗಳು ಮತ್ತೆ ಬಯಲನ್ನು ತುಂಬಿದವು. ಅಷ್ಟರಲ್ಲಿ ಅಲ್ಜೀರಿಯಾದ ವೈನ್ ಬಂದರುಗಳಿಗೆ ಹರಿಯತೊಡಗಿತ್ತು. ಸಕ್ಕರೆ, ನೀರು ಬೆರೆಸಿದ ಕಲಬೆರಕೆ ವೈನ್ ಪೇಟೆಯಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿತ್ತು. ಬೆಲೆ ಪಾತಾಳಕ್ಕೆ ಕುಸಿಯಿತು. 1907ರ ಮಾರ್ಚ್‌ನಲ್ಲಿ ಅರ್ಜೆಲಿಯೇ ಎಂಬ ಹಳ್ಳಿಯ ಕೆಫೆ ಮಾಲೀಕ ಮಾರ್ಸೆಲಾಂ ಆಲ್ಬೆರ್ ನೂರು ಜನವೂ ಇಲ್ಲದ ಗುಂಪು ಕಟ್ಟಿಕೊಂಡು ನಾರ್ಬೊನ್ ಕಡೆಗೆ ನಡೆದ. ಜೂನ್ 9ರ ಹೊತ್ತಿಗೆ ಮೋಂಪೆಲಿಯೇ ಬೀದಿಗಳಲ್ಲಿ ಸೇರಿದವರು ಐದು ಲಕ್ಷಕ್ಕೂ ಹೆಚ್ಚು. ಪ್ರಧಾನಿ ಕ್ಲೆಮಾಂಸೋ ಸೈನ್ಯ ಕಳಿಸಿದ; ನಾರ್ಬೊನ್‌ನಲ್ಲಿ ಗುಂಡು ಹಾರಿತು, ಜನ ಸತ್ತರು. ಸ್ಥಳೀಯ ಹುಡುಗರೇ ತುಂಬಿದ್ದ 17ನೇ ಪದಾತಿ ದಳ ಆಜ್ಞೆ ಧಿಕ್ಕರಿಸಿ ಜನರ ಜೊತೆ ನಿಂತಿತು. ಮಾತುಕತೆಗೆಂದು ಪ್ಯಾರಿಸ್‌ಗೆ ಹೋದ ಆಲ್ಬೆರ್ ಕೈಗೆ ಕ್ಲೆಮಾಂಸೋ ವಾಪಸು ರೈಲಿನ ಖರ್ಚಿಗೆಂದು ನೂರು ಫ್ರಾಂಕ್ ನೋಟು ಇಟ್ಟ. ಆ ಸುದ್ದಿಯನ್ನು ಪತ್ರಿಕೆಗಳಿಗೂ ಮುಟ್ಟಿಸಿದ. ನಾಯಕನ ಮರ್ಯಾದೆ ಅಲ್ಲಿಗೆ ಮುಗಿಯಿತು. ಆದರೆ ಅದೇ ತಿಂಗಳ ಕೊನೆಯಲ್ಲಿ ಕಲಬೆರಕೆ ತಡೆಯುವ ಕಾನೂನು ಬಂತು.

ಕಾನೂನು ವೈನ್ ಎಂದರೆ ಏನು ಎಂಬುದನ್ನು ಕಾಪಾಡಿತು. ಒಳ್ಳೆಯ ವೈನ್ ಎಂದರೆ ಏನು ಎಂಬ ಪ್ರಶ್ನೆ ಹಾಗೇ ಉಳಿಯಿತು. ಅದಕ್ಕೆ ಉತ್ತರದ ಮೊದಲ ಸಾಲು ಬರೆದದ್ದು ಆವಿನ್ಯೋಂ ಬಳಿಯ ಶಾತೊನಫ್ ದ್ಯು ಪಾಪ್. 14ನೇ ಶತಮಾನದಲ್ಲಿ ಪೋಪ್‌ಗಳು ರೋಮ್ ಬಿಟ್ಟು ಆವಿನ್ಯೋಂನಲ್ಲಿ ನೆಲೆಸಿದ್ದಾಗ ಇಲ್ಲಿನ ಗುಡ್ಡದ ಮೇಲೆ ಬೇಸಿಗೆಯ ಕೋಟೆ ಕಟ್ಟಿಸಿಕೊಂಡಿದ್ದರು. ಊರಿನ ಹೆಸರಿಗೆ ಅದೇ ಮೂಲ. 1920ರ ದಶಕದಲ್ಲಿ, ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿ ಬಂದಿದ್ದ ವಕೀಲ, ಬ್ಯಾರನ್ ಪಿಯೆರ್ ಲೆ ರ್ವಾ, ಊರಿನ ರೈತರನ್ನು ಕೂಡಿಸಿ ನಿಯಮಗಳನ್ನು ರೂಪಿಸಿದ. ಯಾವ ತಳಿ ನೆಡಬೇಕು, ಎಷ್ಟು ಕೊಯ್ಯಬೇಕು, ಯಾವ ಹಣ್ಣು ಎಸೆಯಬೇಕು ಎಂಬುದೆಲ್ಲ ಅದರಲ್ಲಿತ್ತು. ಯಾವ ನೆಲ ಈ ವೈನ್‌ಗೆ ಯೋಗ್ಯ ಎಂಬುದಕ್ಕೆ ಅವನು ಕೊಟ್ಟ ಗುರುತು ಚೊಕ್ಕದ್ದು: ಥೈಮ್ ಮತ್ತು ಲ್ಯಾವೆಂಡರ್ ಬೆಳೆಯುವ ನೆಲ. ಅಂದರೆ ಬೇರೇನೂ ಬೆಳೆಯದ ಕಲ್ಲು ನೆಲ. ಬಯಲಿನ ಕೊಬ್ಬಿದ ಮಣ್ಣು ಈ ಒಂದು ನಿಯಮದಿಂದಲೇ ಹೊರಬಿತ್ತು. ಮುಂದೆ 1935ರಲ್ಲಿ ಇಡೀ ಫ್ರಾನ್ಸಿಗೆ ಬಂದ ಮೂಲಸ್ಥಳ ನಿಯಂತ್ರಣ ವ್ಯವಸ್ಥೆಗೆ ಇದೇ ಮಾದರಿ. 1936ರಲ್ಲಿ ಆ ಮನ್ನಣೆ ಪಡೆದ ಮೊದಲ ಕೆಲವೇ ಹೆಸರುಗಳಲ್ಲಿ ಶಾತೊನಫ್ ಕೂಡ ಒಂದು.

ಗಾಳಿ, ಎತ್ತರ, ಇರುಳು

ಹಾಗಾದರೆ ತಂಪು ಬರುವುದು ಎಲ್ಲಿಂದ? ಮೊದಲ ಉತ್ತರ ಗಾಳಿ. ರೋನ್ ಕಣಿವೆಯನ್ನು ಹಿಡಿದು ಉತ್ತರದಿಂದ ನುಗ್ಗುವ ತಣ್ಣನೆಯ ಮಿಸ್ತ್ರಾಲ್ ಗಾಳಿ ಕೆಲವು ದಿನ ಗಂಟೆಗೆ 100 ಕಿಲೋಮೀಟರ್ ವೇಗ ದಾಟುತ್ತದೆ. ರೂಸಿಯೋಂ ಕಡೆ ಅದರ ಸೋದರ ತ್ರಾಮೊಂತಾನ್. ಈ ಗಾಳಿಗೆ ಮರಗಳೇ ಒಂದು ಕಡೆಗೆ ವಾಲಿ ಬೆಳೆಯುತ್ತವೆ. ಅದು ಮಳೆಯ ತೇವವನ್ನು ಎಲೆಯ ಮೇಲೆ ನಿಲ್ಲಗೊಡುವುದಿಲ್ಲ, ಬೂಷ್ಟು ರೋಗ ಹತ್ತಿರ ಸುಳಿಯುವುದಿಲ್ಲ. ಸಾವಯವ ಕೃಷಿ ಈ ಸೀಮೆಯಲ್ಲಿ ಇಷ್ಟು ಸುಲಭವಾಗಿ ಬೇರೂರಿದ್ದಕ್ಕೆ ಗಾಳಿಯ ಪಾಲೂ ಇದೆ. ಈ ಗಾಳಿಯಿಂದಾಗಿ ಗ್ರೆನಾಶ್ ಎಂಬ ತಳಿಯ ಬಳ್ಳಿಯನ್ನು ಇಲ್ಲಿ ಹಂದರಕ್ಕೆ ಹಬ್ಬಿಸುವುದಿಲ್ಲ; ಮೊಣಕಾಲೆತ್ತರದ ಗಿಡ್ಡ ಪೊದೆಯಾಗಿ ತನ್ನ ಕಾಲ ಮೇಲೆ ತಾನೇ ನಿಲ್ಲಲು ಬಿಡುತ್ತಾರೆ. ಚಿಗುರು ಬೇಗ ಮುರಿಯುವ ಸಿರಾ ತಳಿಗೆ ಮಾತ್ರ ತಂತಿಯ ಆಸರೆ ಬೇಕು.

ಎರಡನೆಯದು ಎತ್ತರ. ಮೋಂಪೆಲಿಯೇ ನಗರದಿಂದ ವಾಯವ್ಯಕ್ಕೆ ಹೋದಂತೆ ನೆಲ ಮೆಟ್ಟಿಲು ಮೆಟ್ಟಿಲಾಗಿ ಏರಿ ಲಾರ್ಜಾಕ್ ಪ್ರಸ್ಥಭೂಮಿಯನ್ನು ಸೇರುತ್ತದೆ. ಆ ಮೆಟ್ಟಿಲುಗಳೇ ತೆರಾಸ್ ದ್ಯು ಲಾರ್ಜಾಕ್. 2014ರಲ್ಲಿ ಸ್ವತಂತ್ರ ಮನ್ನಣೆ ಪಡೆದ ಪ್ರದೇಶ ಇದು. ಬೇಸಿಗೆಯ ಹಗಲು ಇಲ್ಲಿ ಕಾದ ಹೆಂಚು. ರಾತ್ರಿ ಪ್ರಸ್ಥಭೂಮಿಯ ತಣ್ಣನೆಯ ಗಾಳಿ ಕಣಿವೆಗಿಳಿದಾಗ ತಾಪಮಾನ 20 ಡಿಗ್ರಿಯವರೆಗೂ ಕುಸಿಯುವುದುಂಟು. ಹಗಲಿನಲ್ಲಿ ಹಣ್ಣು ಸಕ್ಕರೆ ಕೂಡಿಸಿಕೊಳ್ಳುತ್ತದೆ. ರಾತ್ರಿ ತಂಪಾದಾಗ ಬಳ್ಳಿಯ ಉಸಿರಾಟ ನಿಧಾನವಾಗುತ್ತದೆ. ಹಣ್ಣಿನೊಳಗಿನ ಮ್ಯಾಲಿಕ್ ಆಮ್ಲ ಅಷ್ಟು ಬೇಗ ಉರಿದುಹೋಗುವುದಿಲ್ಲ. ಹುಳಿ ಉಳಿಯುತ್ತದೆ, ಹುಳಿಯ ಜೊತೆ ತಾಜಾತನವೂ.

ಈ ಗುಟ್ಟನ್ನು ಲೋಕಕ್ಕೆ ತೋರಿಸಿದ್ದು ಇದೇ ಮಗ್ಗುಲಿನ ಆನ್ಯಾನ್ ಊರಿನ ಒಂದು ತೋಟ, ಮಾ ದ ದೋಮಾ ಗಸ್ಸಾಕ್. 1970ರ ದಶಕದ ಆರಂಭದಲ್ಲಿ ಅದನ್ನು ಕೊಂಡ ಎಮೇ ಗಿಬೇರ್ ಕೈಗವಸು ತಯಾರಿಸುವ ಮನೆತನದವನು, ವೈನ್ ಅವನ ಕಸುಬಲ್ಲ. ಭೂಗೋಳ ತಜ್ಞ ಆನ್ರಿ ಆಂಜಲ್ಬೇರ್ ಆ ನೆಲದ ಕೆಂಪು ಪುಡಿಮಣ್ಣನ್ನೂ ಕಣಿವೆಯ ತಣ್ಣನೆಯ ಇರುಳನ್ನೂ ನೋಡಿ, ಇಲ್ಲಿ ಮಹಾನ್ ವೈನ್ ಸಾಧ್ಯ ಎಂದ. ಬೋರ್ಡೊದ ಹೆಸರಾಂತ ವೈನ್ ವಿಜ್ಞಾನಿ ಎಮಿಲ್ ಪೇನೋ ಮೊದಲ ಫಸಲಿಗೆ ಸಲಹೆ ಕೊಟ್ಟ. 1978ರ ಆ ಕೆಂಪು ವೈನ್ ಹೊರಬಂದಾಗ ನಿಯಮದ ಪ್ರಕಾರ ಅದಕ್ಕೆ ಸಿಕ್ಕದ್ದು ಸಾಮಾನ್ಯ ಊಟದ ವೈನ್ ಎಂಬ ಪಟ್ಟ. ಕುಡಿದವರು ಬೋರ್ಡೊದ ದೊಡ್ಡ ಹೆಸರುಗಳ ಪಕ್ಕದಲ್ಲಿ ಕೂರಿಸಿದರು. ಬಯಲು ಸೀಮೆಯೆಂದು ಕೈಬಿಟ್ಟ ಲಾಂಗ್‌ಡಾಕ್‌ನ ಬೆಟ್ಟಗಳನ್ನು ಹುಡುಕಿಕೊಂಡು ಹೊಸ ತಲೆಮಾರಿನ ರೈತರು ಬರತೊಡಗಿದ್ದು ಆಮೇಲೆ.

ಉಳಿದ ಊರುಗಳಲ್ಲಿ ತಂಪಿನ ಮೂಲ ಬೇರೆ ಬೇರೆ. ಜಿಗೋಂದಾಸ್‌ನಲ್ಲಿ ಗರಗಸದ ಹಲ್ಲಿನಂತೆ ಎದ್ದ ಸುಣ್ಣಕಲ್ಲಿನ ಬೆಟ್ಟಸಾಲು ಬೆಳಗಿನ ಬಿಸಿಲನ್ನು ತಡೆದು ನಿಲ್ಲುತ್ತದೆ. ನಾರ್ಬೊನ್ ಪಕ್ಕದ ಲಾ ಕ್ಲಾಪ್ ಒಂದು ಕಾಲದಲ್ಲಿ ದ್ವೀಪವೇ ಆಗಿತ್ತು. ಇಂದಿಗೂ ಅದರ ತೋಟಗಳಿಗೆ ಕಡಲ ಗಾಳಿ ತಾಗುತ್ತದೆ. ಫೋಜೇರ್‌ನಲ್ಲಿ ಪದರು ಪದರಾಗಿ ಸೀಳುವ ಶಿಸ್ಟ್ ಕಲ್ಲಿನ ಸಂದಿಗಳಲ್ಲಿ ಬೇರು ಆಳಕ್ಕಿಳಿದು ತೇವ ಹುಡುಕುತ್ತದೆ. ಶಾತೊನಫ್‌ನ ಹೆಸರಾಂತ ದುಂಡು ಕಲ್ಲುಗಳಿಗೆ ಎರಡು ಮುಖ. ಆಲ್ಪ್ಸ್ ಕಡೆಯಿಂದ ರೋನ್ ನದಿ ಉರುಳಿಸಿಕೊಂಡು ಬಂದ, ಕೈಗೆ ತುಂಬುವ ಗಾತ್ರದ ಈ ಕಲ್ಲುಗಳು ಹಗಲಿನ ಕಾವನ್ನು ಹೀರಿ ರಾತ್ರಿ ಬಳ್ಳಿಗೆ ಉಣಿಸುತ್ತವೆ, ನಿಜ. ಆದರೆ ಅವೇ ಕೆಳಗಿನ ಜೇಡಿಮಣ್ಣಿನ ತೇವ ಆರದಂತೆ ಮುಚ್ಚಿಟ್ಟುಕೊಳ್ಳುತ್ತವೆ. ಇನ್ನೂ ಕುತೂಹಲದ ಸಂಗತಿ: ಶಾತೊನಫ್‌ನ ಅತಿ ದುಬಾರಿ ವೈನ್‌ಗಳಲ್ಲಿ ಒಂದಾದ ಶಾತೋ ರಾಯಾಸ್ ತೋಟದಲ್ಲಿ ಈ ಕಲ್ಲುಗಳಿಲ್ಲ. ಅದು ಕಾಡಿನಿಂದ ಸುತ್ತುವರಿದ ಮರಳು ನೆಲ. ಅಲ್ಲಿನ ಕೆಂಪು ವೈನ್‌ಗೆ ಬಳಸುವುದು ಗ್ರೆನಾಶ್ ಮಾತ್ರ. ವೈನ್ ಬಣ್ಣ ತೆಳು, ಘಮ ಅಪಾರ.

ಐವರು ಕೂಡಿದ ಲೋಟ

ದಕ್ಷಿಣದ ಕೆಂಪು ವೈನ್ ಸಾಮಾನ್ಯವಾಗಿ ಒಂದೇ ತಳಿಯದಲ್ಲ, ಬೆರಕೆಯದು. ಶಾತೊನಫ್‌ನಲ್ಲಿ ಸಾಂಪ್ರದಾಯಿಕವಾಗಿ 13 ತಳಿಗಳಿಗೆ ಅನುಮತಿ. ತೆರಾಸ್ ದ್ಯು ಲಾರ್ಜಾಕ್‌ನಲ್ಲಿ ಕನಿಷ್ಠ ಮೂರು ತಳಿ ಇರಲೇಬೇಕು. ಈ ಬೆರಕೆಯ ಹಿಂದಿರುವುದೂ ಬಿಸಿಲಿನ ಲೆಕ್ಕಾಚಾರವೇ.

ಗ್ರೆನಾಶ್ ಸ್ಪೇನಿನಿಂದ ಬಂದದ್ದು. ಬಿಸಿಲನ್ನು ಇಷ್ಟಪಟ್ಟು ಸಕ್ಕರೆ ತುಂಬಿಕೊಳ್ಳುತ್ತದೆ. ಹಾಗಾಗಿ ಮದ್ಯಸಾರದ ಪ್ರಮಾಣ ಶೇ 14, 15 ಸಲೀಸಾಗಿ ಮುಟ್ಟುತ್ತದೆ. ಸ್ಟ್ರಾಬೆರಿ, ಬೇಯಿಸಿದ ಕೆಂಪು ಹಣ್ಣಿನ ಘಮ ಅದರದು. ಆದರೆ ಬಣ್ಣ ಕಮ್ಮಿ, ಹುಳಿ ಕಮ್ಮಿ, ಗಾಳಿ ತಾಗಿದರೆ ಬೇಗ ಮುದಿಯಾಗುತ್ತದೆ. ಆ ಕೊರತೆ ತುಂಬಲು ಸಿರಾ ಬರುತ್ತದೆ: ಗಾಢ ನೇರಳೆ ಬಣ್ಣ, ಕಪ್ಪು ಹಣ್ಣು, ಕರಿಮೆಣಸು. ಮೂರನೆಯದು ಮೂರ್ವೆದ್ರ್. ಇದಕ್ಕೆ ಮುಖಕ್ಕೆ ಬಿಸಿಲು, ಕಾಲಿಗೆ ನೀರು ಬೇಕು ಎನ್ನುವುದು ಪ್ರೊವಾನ್ಸ್ ರೈತರ ಮಾತು. ನಿಧಾನ ಹಣ್ಣಾಗುವ, ಒಗರು ತುಂಬಿದ, ವಯಸ್ಸಾದಂತೆ ತೊಗಲು, ಮಾಂಸದ ವಾಸನೆ ಬೆಳೆಸಿಕೊಳ್ಳುವ ತಳಿ. ಕಡಲಿಗೆ ಮುಖಮಾಡಿದ ಬಾಂದೋಲ್‌ನ ಕಲ್ಲು ಮೆಟ್ಟಿಲುಗಳಲ್ಲಿ ಅದರದೇ ಕಾರುಬಾರು. ಬಾಂದೋಲ್ ಎಂದು ಹೆಸರು ಹಚ್ಚಬೇಕಾದರೆ ಕೆಂಪು ವೈನ್‌ನಲ್ಲಿ ಅರ್ಧದಷ್ಟಾದರೂ ಮೂರ್ವೆದ್ರ್ ಇರಬೇಕು, ಕನಿಷ್ಠ 18 ತಿಂಗಳು ಮರದ ಪೀಪಾಯಿಯಲ್ಲಿ ಮಲಗಿರಬೇಕು.

ಇನ್ನಿಬ್ಬರು ಹಿಂದೆ ಕೀಳೆನಿಸಿಕೊಂಡು ಈಗ ಮರ್ಯಾದೆ ಗಳಿಸುತ್ತಿರುವವರು. ಕಾರಿನ್ಯಾನ್ ಬಯಲಿನಲ್ಲಿ ಹೆಕ್ಟೇರಿಗೆ 200 ಹೆಕ್ಟೊಲೀಟರ್‌ವರೆಗೂ ರಸ ಸುರಿಯಬಲ್ಲದು. ಶಾತೊನಫ್‌ನಲ್ಲಿ ನಿಯಮ ಒಪ್ಪುವುದು ಬರೀ 35. ಹೀಗಾಗಿ ಅಗ್ಗದ ವೈನ್ ಕಾಲದ ಪಾಪವೆಲ್ಲ ಅದರ ತಲೆಗೇ ಕಟ್ಟಿ, ಸರಕಾರದ ಹಣ ಪಡೆದು ಸಾವಿರಾರು ಹೆಕ್ಟೇರ್ ಕಿತ್ತು ಹಾಕಿದರು. ಆದರೆ ಬೆಟ್ಟದ ಬಡ ಮಣ್ಣಿನಲ್ಲಿ ಉಳಿದ ಹಳೆಯ ಬಳ್ಳಿಗಳು ಬೇರೆಯೇ ಕಥೆ ಹೇಳುತ್ತವೆ. ಎಂಥ ಬಿಸಿಲಿನಲ್ಲೂ ಹುಳಿ ಬಿಟ್ಟುಕೊಡದಿರುವುದು ಕಾರಿನ್ಯಾನ್‌ನ ಹುಟ್ಟುಗುಣ. ಅದರ ಒರಟು ಒಗರನ್ನು ಮೆತ್ತಗಾಗಿಸಲು ಇಂಗಾಲದ ಡೈಆಕ್ಸೈಡ್ ತುಂಬಿದ ತೊಟ್ಟಿಯಲ್ಲಿ ಗೊಂಚಲನ್ನು ತುಳಿಯದೆ ಇಡಿಯಾಗಿಯೇ ಇಡುತ್ತಾರೆ. ಹುದುಗು ಹಣ್ಣಿನೊಳಗೇ ಶುರುವಾಗುತ್ತದೆ. ಸಾಂಸೋ ತೆಳು ಮೈಯದು, ಹೂವಿನ ಘಮದ್ದು, ಬರಗಾಲಕ್ಕೆ ಜಗ್ಗದ್ದು. ಬಿಸಿಲು ಏರುತ್ತಿರುವ ಈ ಕಾಲದಲ್ಲಿ ಈ ಇಬ್ಬರಿಗೂ ಮತ್ತೆ ಬೇಡಿಕೆ.

ಲೋಟದ ಎದುರು

ಈಗ ಒಂದು ಲೋಟ ಎದುರಿಗಿಟ್ಟುಕೊಳ್ಳೋಣ. ಲಾಂಗ್‌ಡಾಕ್‌ನ ಪಿಕ್ ಸಾಂ ಲೂ ಬೆಟ್ಟದ ತಪ್ಪಲಿನದು, ಸಿರಾ ಹೆಚ್ಚು, ಗ್ರೆನಾಶ್ ಸ್ವಲ್ಪ, ನಾಲ್ಕೈದು ವರ್ಷ ಹಳೆಯದು. ಹೊಟ್ಟೆ ಅಗಲ, ಬಾಯಿ ಕಿರಿದಾದ ಗ್ಲಾಸು ಬೇಕು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬಾರದು, ಉಳಿದ ಜಾಗ ಘಮಕ್ಕೆ.

ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆಯಾಗಿಸಿ ಅಂಚನ್ನು ನೋಡಿ. ನೇರಳೆ ಅಂಚು ಎಳೆತನ, ಇಟ್ಟಿಗೆಯ ಅಂಚು ಮುಪ್ಪು. ಬಣ್ಣದಿಂದ ವಯಸ್ಸು ಮತ್ತು ತಳಿಯ ಸುಳಿವು ಸಿಗುತ್ತದೆ, ಗುಣದ ತೀರ್ಪು ಸಿಗುವುದಿಲ್ಲ. 2001ರಲ್ಲಿ ಪ್ರಕಟವಾದ ಬೋರ್ಡೊದ ಒಂದು ಅಧ್ಯಯನದಲ್ಲಿ ಬಿಳಿ ವೈನ್‌ಗೆ ರುಚಿಯಿಲ್ಲದ ಕೆಂಪು ಬಣ್ಣ ಬೆರೆಸಿ ವೈನ್ ಶಾಸ್ತ್ರ ಕಲಿಯುತ್ತಿದ್ದ 54 ಮಂದಿಗೆ ಕೊಟ್ಟರು. ಅವರು ಅದನ್ನು ವರ್ಣಿಸಿದ್ದು ಕೆಂಪು ವೈನ್‌ಗೆ ಬಳಸುವ ಮಾತುಗಳಲ್ಲೇ. ಕಣ್ಣು ಮೂಗಿನ ಮೇಲೆ ಎಷ್ಟು ದಬ್ಬಾಳಿಕೆ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ. ತೆಳು ಬಣ್ಣದ ಗ್ರೆನಾಶ್ ನೋಡಿ ಮೂಗು ಮುರಿಯುವ ಮೊದಲು ಇದನ್ನು ನೆನೆಯಬೇಕು.

ಇನ್ನು ಮೂಗು. ಗ್ಲಾಸು ಅಲುಗಿಸದೆ ಒಮ್ಮೆ, ಸುತ್ತು ತಿರುಗಿಸಿ ಇನ್ನೊಮ್ಮೆ ಆಘ್ರಾಣಿಸಿ. ಮೊದಲಿಗೆ ಕಪ್ಪು ಹಣ್ಣು, ನೇರಳೆಯ ನೆನಪು. ಅದರ ಹಿಂದೆ ಗಾರಿಗ್. ಸುಣ್ಣಕಲ್ಲಿನ ಗುಡ್ಡಗಳ ಮೇಲೆ ಹಬ್ಬಿದ ಥೈಮ್, ರೋಸ್‌ಮೇರಿ, ಜ್ಯೂನಿಪರ್ ಕುರುಚಲಿಗೆ ಅಲ್ಲಿನವರು ಹೇಳುವ ಹೆಸರು ಅದು. ಬಿಸಿಲಿಗೆ ಕಾದ ಎಲೆಗಳಿಂದ ಎಣ್ಣೆಯ ಘಾಟು ಏಳುತ್ತದೆ. ವೈನ್‌ನಲ್ಲೂ ಅದೇ ಒಣ ಸೊಪ್ಪಿನ ಘಮ ಸಿಗುತ್ತದೆ. ಮೂರನೆಯದಾಗಿ ಕರಿಮೆಣಸು. ಇಲ್ಲಿ ಮಲೆನಾಡಿನ ಮೂಗಿಗೆ ಅನುಕೂಲ ಹೆಚ್ಚು. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಸಿರಾ ವೈನ್‌ಗೆ ಮೆಣಸಿನ ಘಮ ಕೊಡುವ ವಸ್ತು ರೋಟಂಡೋನ್ ಎಂದು ಪತ್ತೆ ಹಚ್ಚಿದರು. ನಮ್ಮ ಕಾಳುಮೆಣಸಿನಲ್ಲಿ ಘಮಿಸುವುದೂ ಅದೇ. ಲೀಟರಿಗೆ ಗ್ರಾಮಿನ ಕೋಟಿ ಭಾಗಗಳಲ್ಲಿ ಒಂದಕ್ಕಿಂತ ಎಷ್ಟೋ ಕಡಿಮೆ ಇದ್ದರೂ ಮೂಗು ಹಿಡಿಯುತ್ತದೆ. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಮಾತ್ರ ಅದು ತಿಳಿಯುವುದೇ ಇಲ್ಲ. ಹಾಗಾಗಿ ಒಂದೇ ಬಾಟಲಿಯ ಮುಂದೆ ಇಬ್ಬರು ಜಗಳವಾಡಿದರೆ ಇಬ್ಬರೂ ಸರಿ ಇರಬಹುದು. ಇದಕ್ಕಿಂತ ಮುಖ್ಯ ಸಂಗತಿ, ರೋಟಂಡೋನ್ ಹೆಚ್ಚಾಗಿ ಉಳಿಯುವುದು ತಂಪು ಜಾಗದಲ್ಲಿ, ತಂಪು ವರ್ಷದಲ್ಲಿ. ದಕ್ಷಿಣದ ಸಿರಾದಲ್ಲಿ ಮೆಣಸು ಘಮಿಸಿದರೆ ಆ ಹಣ್ಣು ಬೆಟ್ಟದ ತಂಪಿನಲ್ಲಿ ಬೆಳೆದಿದೆ ಎಂದು ಊಹಿಸಬಹುದು. ಮೆಣಸು ಇಲ್ಲದೆ ಬರೀ ಜ್ಯಾಮ್, ಒಣದ್ರಾಕ್ಷಿ ಹೊಡೆದರೆ ಕೊಯ್ಲು ತಡವಾಗಿದೆ.

ಕೊನೆಗೆ ಬಾಯಿ. ಒಂದು ಗುಟುಕು ತೆಗೆದುಕೊಂಡು ನಾಲಗೆಯ ಮೇಲೆಲ್ಲ ಹರಡಿ, ತುಸು ಗಾಳಿ ಎಳೆದುಕೊಳ್ಳಿ. ಮೂರು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಒಗರು ವಸಡನ್ನು ಒಣಗಿಸುತ್ತದೆ, ಕಡು ಚಹಾ ಕುಡಿದಾಗ ಆದಂತೆ. ಮದ್ಯಸಾರ ಗಂಟಲಲ್ಲಿ ಕಾವು ಎಬ್ಬಿಸುತ್ತದೆ. ಹುಳಿ ಕೆನ್ನೆಯ ಒಳಬದಿಯಲ್ಲಿ ಜೊಲ್ಲು ತರಿಸುತ್ತದೆ. ಬಿಸಿಲ ಸೀಮೆಯ ವೈನ್‌ನಲ್ಲಿ ಮೊದಲೆರಡು ಇದ್ದೇ ಇರುತ್ತವೆ. ತೀರ್ಪು ನಿಲ್ಲುವುದು ಮೂರನೆಯದರ ಮೇಲೆ. ನುಂಗಿದ ಮೇಲೆ ಗಂಟಲು ಉರಿಯುತ್ತಿದ್ದರೆ ಕಾವು ಗೆದ್ದಿದೆ. ಬಾಯಿ ಒದ್ದೆಯಾಗಿ ಮತ್ತೊಂದು ತುತ್ತು ಅನ್ನಕ್ಕೆ ಕೈ ಹೋದರೆ ತಂಪು ಗೆದ್ದಿದೆ. ಘಮ ಬಾಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಫ್ರೆಂಚರು ಕೊದಾಲಿ ಎಂಬ ಮಾನದಲ್ಲಿ ಎಣಿಸುತ್ತಾರೆ. ಒಂದು ಕೊದಾಲಿ ಒಂದು ಸೆಕೆಂಡ್. ಹತ್ತು ದಾಟಿದರೆ ಒಳ್ಳೆಯದೇ. ಸಾಲಾಗಿ ಹಲವು ವೈನ್ ಪರೀಕ್ಷಿಸುವವರು ನುಂಗುವುದಿಲ್ಲ, ಉಗುಳುತ್ತಾರೆ. ಅದು ಅಸಭ್ಯತೆಯಲ್ಲ, ಕಸುಬಿನ ಶಿಸ್ತು.

ದೋಷಗಳೂ ಮೂಗಿಗೇ ಸಿಗುತ್ತವೆ. ಒದ್ದೆ ಕಾಗದದ ಮುಗ್ಗಲು ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ, ಬಾಟಲಿ ಹಿಂದಿರುಗಿಸಿ. ಕೊಟ್ಟಿಗೆಯ ವಾಸನೆ ಬ್ರೆಟಾನೊಮೈಸಿಸ್ ಎಂಬ ಯೀಸ್ಟಿನ ಕೆಲಸ. ದಕ್ಷಿಣದ ಹಳೆಯ ನೆಲಮಾಳಿಗೆಗಳಲ್ಲಿ ಅದು ಅಪರೂಪವಲ್ಲ. ತುಸು ಇದ್ದರೆ ಮೆಚ್ಚುವವರಿದ್ದಾರೆ, ಮೂಗು ಮುಚ್ಚುವವರೂ ಇದ್ದಾರೆ.

ಫ್ರಿಜ್‌ನಲ್ಲಿಡಿ, ಸಂಕೋಚ ಬೇಡ

ಕೆಂಪು ವೈನ್ ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎಂಬ ಮಾತು ಫ್ರಾನ್ಸಿನ ಹಳೆಯ ಕಲ್ಲುಮನೆಗಳಿಗೆ ಹೇಳಿದ್ದು. ಅಲ್ಲಿ ಕೋಣೆ ಎಂದರೆ 16ರಿಂದ 18 ಡಿಗ್ರಿ. ಏಪ್ರಿಲ್‌ನ ಬೆಂಗಳೂರಿನಲ್ಲಿ 30, ಮಂಗಳೂರಿನಲ್ಲಿ ಅದಕ್ಕೆ ಬೆವರಿನ ಕಾಟ ಬೇರೆ. ಆ ಉಷ್ಣತೆಯಲ್ಲಿ ಶೇ 14.5 ಮದ್ಯಸಾರದ ಗ್ರೆನಾಶ್ ಸುರಿದರೆ ಮೂಗಿಗೆ ಸ್ಪಿರಿಟ್ ಹೊರತು ಬೇರೇನೂ ಏಳದು. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಹೊರತೆಗೆಯುವುದೇ ಸರಿ. ಸಾಂಸೋ, ಎಳೆಯ ಕಾರಿನ್ಯಾನ್ ಆದರೆ ಇನ್ನೂ ತಣ್ಣಗೆ, 13-14 ಡಿಗ್ರಿ ಇದ್ದರೂ ಆದೀತು.

ಅಲ್ಲಿನ ಊಟ ಕುರಿಮಾಂಸ, ಬೀನ್ಸ್ ಮತ್ತು ಬಾತುಕೋಳಿಯ ಕಾಸುಲೇ, ವೈನ್‌ನಲ್ಲೇ ಬೇಯಿಸಿದ ದೋಬ್. ಮೂರಕ್ಕೂ ಕೊಬ್ಬು ಹೆಚ್ಚು. ಒಗರಿನ ವೈನ್ ಅದನ್ನು ಕತ್ತರಿಸುತ್ತದೆ. ನಮ್ಮ ಅಡುಗೆಯ ಜೊತೆ ಇಡುವುದಾದರೆ ಒಂದು ಎಚ್ಚರ ಬೇಕು. ಮೆಣಸಿನಕಾಯಿಯ ಖಾರವನ್ನು ಮದ್ಯಸಾರ ಕೆರಳಿಸುತ್ತದೆ; ಗುಂಟೂರು ಮೆಣಸಿನಕಾಯಿ ತುಂಬಿದ ಸಾರಿನ ಪಕ್ಕದಲ್ಲಿ ಬಾಂದೋಲ್ ಇಟ್ಟರೆ ಎರಡೂ ಕೆಟ್ಟವು. ಕಾಳುಮೆಣಸಿನಲ್ಲಿ ಹುರಿದ ಕೊಡಗಿನ ಪಂದಿಕರಿ, ಮಟನ್ ಪೆಪ್ಪರ್ ಫ್ರೈ, ಸುಟ್ಟ ಬದನೆಕಾಯಿಗಳಿಗೆ ಸಿರಾ ಹೊಂದುತ್ತದೆ.

ತಂಪು ಹುಡುಕುವ ನಿಯಮಕ್ಕೆ ಒಂದು ಭರ್ಜರಿ ಅಪವಾದವಿದೆ. ಸ್ಪೇನ್ ಗಡಿಯ ಬಳಿಯ ಬಾನ್ಯೂಲ್ಸ್, ಮೋರಿ ಊರುಗಳಲ್ಲಿ ಗ್ರೆನಾಶ್ ಹುದುಗುತ್ತಿರುವಾಗಲೇ ಮದ್ಯಸಾರ ಬೆರೆಸಿ ಯೀಸ್ಟನ್ನು ಸುಮ್ಮನಾಗಿಸುತ್ತಾರೆ. ಹಣ್ಣಿನ ಸಕ್ಕರೆ ಉಳಿದು ವೈನ್ ಸಿಹಿಯಾಗುತ್ತದೆ. ಮೋರಿಯಲ್ಲಿ ಅದನ್ನು ದೊಡ್ಡ ಗಾಜಿನ ಬುರುಡೆಗಳಲ್ಲಿ ತುಂಬಿ ತಿಂಗಳುಗಟ್ಟಲೆ ಬಟಾಬಯಲಿನ ಬಿಸಿಲಿಗೇ ಒಡ್ಡುವ ರೂಢಿಯಿದೆ. ಅಂಜೂರ, ಕೋಕೋ, ಕಾಫಿ, ಸುಟ್ಟ ಸಕ್ಕರೆಯ ಘಮ ಬರುವುದು ಹಾಗೆ. ಚಾಕೊಲೆಟ್ ಜೊತೆ ಕುಡಿಯಬಹುದಾದ ಬೆರಳೆಣಿಕೆಯ ಕೆಂಪು ವೈನ್‌ಗಳಲ್ಲಿ ಇವು ಸೇರುತ್ತವೆ.

ನಂದಿಯಿಂದ ಸೆವೆನ್‌ವರೆಗೆ

ಕರ್ನಾಟಕಕ್ಕೂ ಈ ಕಥೆಗೂ ಎರಡು ಎಳೆಗಳ ನಂಟಿದೆ. ಒಂದು, ಸಿರಾ. ಶಿರಾಜ್ ಎಂಬ ಹೆಸರಿನಲ್ಲಿ ಅದು ನಂದಿ ಬೆಟ್ಟದ ತಪ್ಪಲಿನಲ್ಲೂ ಬೆಳೆಯುತ್ತದೆ. ಫ್ರೆಂಚ್ ತಳಿಗಳನ್ನು ಗ್ರೋವರ್ ಮನೆತನ ಅಲ್ಲಿ ನೆಟ್ಟು ತೋಟ ಕಟ್ಟಿದ್ದು 1980ರ ದಶಕದಲ್ಲಿ. ಸಮಭಾಜಕ ವೃತ್ತಕ್ಕೆ ಇಷ್ಟು ಹತ್ತಿರದಲ್ಲಿ ವೈನ್ ದ್ರಾಕ್ಷಿ ಬೆಳೆಯಬಹುದೆಂದು ನಂಬಿಸಿದ್ದು ದಖ್ಖನ್ನಿನ ಎತ್ತರ ಮತ್ತು ತಣ್ಣನೆಯ ರಾತ್ರಿಗಳು. ಲಾರ್ಜಾಕ್‌ನ ಲೆಕ್ಕ ಇಲ್ಲಿಯೂ ಅದೇ.

ಇನ್ನೊಂದು ಎಳೆ ಬೆಂಗಳೂರು ಬ್ಲೂ. ಸಿಪ್ಪೆ ದಪ್ಪ, ಒತ್ತಿದರೆ ತಿರುಳು ಜಾರಿ ಬಾಯಿಗೆ ಬೀಳುವ, ಬೀಜವಿರುವ ಆ ಕಪ್ಪು ದ್ರಾಕ್ಷಿ ಅಮೆರಿಕನ್ ಮೂಲದ ಇಸಾಬೆಲ್ಲಾ ತಳಿಯದು. ಫಿಲೊಕ್ಸೆರಾ ಹಾವಳಿಯ ನಂತರ ಫ್ರಾನ್ಸಿನ ದಕ್ಷಿಣದ ಸೆವೆನ್ ಬೆಟ್ಟಗಳ ಬಡ ರೈತರು ನೆಟ್ಟುಕೊಂಡ ಅಮೆರಿಕನ್ ಬಳ್ಳಿಗಳಲ್ಲಿ ಇಸಾಬೆಲ್ಲಾ ಕೂಡ ಇತ್ತು. ವೈನ್ ಹೆಚ್ಚಾಗಿ ಬೆಲೆ ಬಿದ್ದಾಗ, 1934ರ ಡಿಸೆಂಬರ್‌ನ ಕಾನೂನು ಆರು ಅಮೆರಿಕನ್ ತಳಿಗಳ ವೈನ್ ಮಾರಾಟ ನಿಷೇಧಿಸಿತು. ಅವುಗಳಲ್ಲಿ ಇದೂ ಒಂದು. ಸೆವೆನ್‌ನ ಕೆಲವರು ಮನೆಯ ಚಪ್ಪರಕ್ಕೆ ಅದನ್ನು ಇಂದಿಗೂ ಹಬ್ಬಿಸಿಕೊಂಡಿದ್ದಾರೆ. ಅಲ್ಲಿ ಮಾರುವಂತಿಲ್ಲದ ಹಣ್ಣಿನ ವೈನ್ ಇಲ್ಲಿ ಪೋರ್ಟ್ ಎಂಬ ಹೆಸರಿನಲ್ಲಿ ತಲೆಮಾರುಗಳಿಂದ ಮಾರಾಟವಾಗಿದೆ.

ಕುಡಿಯುವವರ ಪಾಲು

ಇಂದು ದಕ್ಷಿಣ ಫ್ರಾನ್ಸಿನಲ್ಲಿ ತಂಪು ವರ್ಷದಿಂದ ವರ್ಷಕ್ಕೆ ದುಬಾರಿಯಾಗುತ್ತಿದೆ. ಶಾತೊನಫ್‌ನ ಕೊಯ್ಲು ಅರ್ಧ ಶತಮಾನದ ಹಿಂದಿಗಿಂತ ಸುಮಾರು ಮೂರು ವಾರ ಮುಂಚಿತ. 2025ರ ಆಗಸ್ಟ್‌ನಲ್ಲಿ ಕೋರ್ಬಿಯೇರ್ ಬೆಟ್ಟಗಳಲ್ಲಿ ಎದ್ದ ಬೆಂಕಿ 16 ಸಾವಿರ ಹೆಕ್ಟೇರ್‌ ಸುಟ್ಟಿತು. ಹಸಿರು ತೋಟಗಳು ಬೆಂಕಿಗೆ ಅಡ್ಡಗೋಡೆಯಾಗುತ್ತಿದ್ದವು, ಬಳ್ಳಿ ಕಿತ್ತ ಜಾಗದಲ್ಲಿ ಕುರುಚಲು ಬೆಳೆದು ಬೆಂಕಿಗೆ ದಾರಿಯಾಯಿತು ಎಂಬ ಅಳಲು ಊರೂರಲ್ಲಿ ಕೇಳಿತು. ವೈನ್ ಕುಡಿಯುವವರೂ ಕಡಿಮೆಯಾಗಿದ್ದಾರೆ. ಬಳ್ಳಿಯನ್ನು ಶಾಶ್ವತವಾಗಿ ಕಿತ್ತರೆ ಹೆಕ್ಟೇರಿಗೆ 4,000 ಯೂರೋ ಕೊಡುವ ಯೋಜನೆಯನ್ನೂ ಸರಕಾರ ತಂದಿತು. ಉಳಿದವರು ಉತ್ತರಕ್ಕೆ ಮುಖಮಾಡಿದ ಇಳಿಜಾರು ಹುಡುಕುತ್ತಿದ್ದಾರೆ, ಗೊಂಚಲಿಗೆ ನೆರಳಾಗಲೆಂದು ಎಲೆ ಕೀಳದೆ ಬಿಡುತ್ತಿದ್ದಾರೆ, ರಾತ್ರಿ ಹೊತ್ತು ಕೊಯ್ಯುತ್ತಿದ್ದಾರೆ, ಅಜ್ಜ ನೆಟ್ಟಿದ್ದ ಕಾರಿನ್ಯಾನನ್ನು ಮತ್ತೆ ಸಾಕುತ್ತಿದ್ದಾರೆ.

ಈ ನೆಲದ ಮೇಲೆ ಕುಡಿಯುವವರ ನಾಲಗೆ ಯಾವಾಗಲೂ ಅಧಿಕಾರ ನಡೆಸಿದೆ. ಅಗ್ಗದ್ದು ಬೇಕೆಂದಾಗ ಬಳ್ಳಿ ಬಯಲಿಗಿಳಿಯಿತು. 1990ರ ದಶಕದಿಂದ ಕೆಲವು ಪ್ರಭಾವಿ ವಿಮರ್ಶಕರು ಕಪ್ಪು ಬಣ್ಣಕ್ಕೂ ದಪ್ಪ ಮೈಗೂ ನೂರಕ್ಕೆ ತೊಂಬತ್ತೈದು ಅಂಕ ಕೊಟ್ಟಾಗ ರೈತರು ಹಣ್ಣನ್ನು ಅತಿಯಾಗಿ ಮಾಗಿಸಿ, ಹೊಸ ಓಕ್ ಪೀಪಾಯಿಯಲ್ಲಿ ಮುಳುಗಿಸಿದರು. ತಂಪನ್ನು ಗುರುತಿಸಿ, ಅದಕ್ಕೆ ಹೆಚ್ಚು ಹಣ ಕೊಡುವ ಗಿರಾಕಿ ಇದ್ದರೆ ಮಾತ್ರ ಕಡಿದಾದ ಬೆಟ್ಟದಲ್ಲಿ ಕಡಿಮೆ ಫಸಲಿನ ಹಳೆಯ ಬಳ್ಳಿಯನ್ನು ಉಳಿಸಿಕೊಳ್ಳುವುದು ರೈತನಿಗೆ ಗಿಟ್ಟುತ್ತದೆ. ಅಂಗಡಿಯಲ್ಲಿ ನಿಂತಾಗ ಚೀಟಿಯ ಮೇಲೆ ಮದ್ಯಸಾರದ ಅಂಕಿ, ಊರಿನ ಹೆಸರು, ತಳಿಗಳ ಹೆಸರು ಇವಿಷ್ಟನ್ನು ಓದಿ ಬಾಟಲಿ ಆರಿಸಿಕೊಳ್ಳುವವರು ಆ ಲೆಕ್ಕದಲ್ಲಿ ತಮ್ಮದೂ ಒಂದು ಪಾಲು ಹಾಕುತ್ತಾರೆ.